ಎಲೆಕ್ಟ್ರೋಡಿಗೆ ಹಚ್ಚಿದ ಅರಿಶಿಣ

ರೇನರ್ಸ್ ಲೇನ್
ರವಿವಾರ, ಅಕ್ಟೋಬರ್ 20

ಸಿಟ್ಟಿನ ಮೂಟೆಯಾದ ನನ್ನ ಮಗಳು ಸೃಷ್ಟಿಗೆ, ಅದಕ್ಕಿಂತ ದೊಡ್ಡ ಮೂಟೆಯಾದ ಅವ್ವನ ಆಶೀರ್ವಾದ.

ಮನೆ ಬಿಟ್ಟು ಹೋದ ಮೇಲೆ ನೀನು ಫೋನ್ ಎತ್ತುವುದಿಲ್ಲ, ಮೆಸೇಜಿಗೆ ಒಂದು ಹೆಬ್ಬೆರಳು ಕಳಿಸಿ ಮುಗಿಸುತ್ತೀ. ಅದಕ್ಕೇ ಈ ಕಾಗದ. ಕನ್ನಡ ಓದಲು ಬರುವುದಿಲ್ಲ ಎಂದು ನಾಟಕ ಮಾಡಬೇಡ. ಶನಿವಾರದ ಕನ್ನಡ ಶಾಲೆಗೆ ನಿನ್ನನ್ನು ಎಳೆದುಕೊಂಡು ಹೋದವಳು ನಾನೇ.

ಅಲ್ಲಾ, ನನ್ನ ಎಲೆಕ್ಟ್ರೋಡಿಗೆ ಅರಿಶಿಣ ಹಚ್ಚು ಎಂದು ನಿನಗೆ ಹೇಳಿದವರು ಯಾರು?

ಪಾರ್ಕ್ ರಾಯಲ್‌ನ ಲ್ಯಾಬಿನಲ್ಲಿ ಬೇಸಿಗೆಯಿಂದ ಒಂದೇ ಪ್ರಶ್ನೆ ಹಿಡಿದು ಕೂತಿದ್ದೇನೆ. ಅಡುಗೆ ಎಣ್ಣೆ ಕೆಡದಂತೆ ಬೆರೆಸುವ ಹೊಸ ರಾಸಾಯನಿಕವೊಂದು ಎಲೆಕ್ಟ್ರಾನುಗಳನ್ನು ಒಂದೇ ಹಂತದಲ್ಲಿ ಬಿಡುತ್ತದೋ, ಎರಡು ಹಂತದಲ್ಲೋ? ಪೆನ್ಸಿಲ್ಲಿನಂಥ ಎಲೆಕ್ಟ್ರೋಡನ್ನು ದ್ರಾವಣದಲ್ಲಿ ಅದ್ದಿ, ವೋಲ್ಟೇಜನ್ನು ಪಲ್ಸ್ ಪಲ್ಸಾಗಿ ಕೊಡುತ್ತೇನೆ. ಪ್ರತಿ ಪಲ್ಸಿನ ಮೊದಲ ಗಳಿಗೆಯಲ್ಲಿ ನುಗ್ಗುವ ಕರೆಂಟು ಬರೀ ಗದ್ದಲ. ಅದು ಅಡಗುವತನಕ ಕಾದು ಆಮೇಲೆ ಅಳೆದರೆ ನಿಜವಾದ ಕ್ರಿಯೆ ಕಾಣುತ್ತದೆ. ಗ್ರಾಫಿನಲ್ಲಿ ಎರಡು ಶಿಖರ ಬಂದರೆ ಎರಡು ಹಂತ ಎಂದು ನಾವು ಕಾಯುತ್ತಿದ್ದೆವು.

ಸೋಮವಾರ ಎರಡು ಬಂದವು! ಕುಣಿಯುತ್ತಾ ಹೋಗಿ ನಮ್ಮ ಮುಖ್ಯಸ್ಥ ಮಾರ್ಸೆಲ್‌ಗೆ ತೋರಿಸಿದೆ. ಅವನು ಇಡೀ ಕಂಪನಿಗೆ ಮೇಲ್ ಕಳಿಸಿದ. ಶುಕ್ರವಾರ, ಆ ರಾಸಾಯನಿಕವನ್ನೇ ಹಾಕದ ಬರೀ ದ್ರಾವಣದಲ್ಲಿ ನೋಡಿದರೆ, ಎರಡನೆಯ ಶಿಖರ ಅಲ್ಲೂ ಗೂಟ ಹೊಡೆದುಕೊಂಡು ನಿಂತಿತ್ತು.

ನಿನ್ನೆ ಧಾರವಾಡಕ್ಕೆ ಫೋನ್ ಮಾಡಿ ಅಜ್ಜಿಯ ಮುಂದೆ ಅತ್ತುಬಿಟ್ಟೆ. ಅಜ್ಜಿಗೆ ನಗು! ದಸರಾದಾಗ ಖಂಡೇ ಪೂಜಿ ದಿನ ಸೃಷ್ಟಿ ವಿಡಿಯೋ ಕಾಲ್ ಮಾಡಿ, ಅವ್ವನ ಸಾಮಾನಿಗೆ ಪೂಜಿ ಹೆಂಗ ಮಾಡೂದು ಅಂತ ಕೇಳಿದ್ಳು, ಅರಿಶಿಣ ಹಚ್ಚಿ ಊದಿನಕಡ್ಡಿ ಬೆಳಗವಾ ಅಂದೆ ಎಂದಳು.

ಮಿಕ್ಸರಿಗೆ, ಕಾರಿಗೆ ನಾನೂ ಹಚ್ಚುತ್ತೇನೆ. ಆದರೆ ಅಷ್ಟುದ್ದದ ಹಿಡಿಕೆ ಬಿಟ್ಟು, ನಾನು ಮನೆಗೆ ತಂದು ಉಜ್ಜಿ ನುಣುಪು ಮಾಡಿಟ್ಟ ತುದಿಗೇ ಹಚ್ಚಬೇಕೇ? ಸಾಲದ್ದಕ್ಕೆ ಒರೆಸಿ ಬೇರೆ ಇಟ್ಟಿದ್ದೀ! ಕಪ್ಪು ತುದಿಯ ಮೇಲೆ ಹಳದಿ ಕಾಣಲೇ ಇಲ್ಲ. ಅರಿಶಿಣವೂ ಎಲೆಕ್ಟ್ರಾನು ಬಿಡುತ್ತದೆ, ನನ್ನ ತಾಯೀ. ತೊಳೆದರೆ ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಇಷ್ಟಾದರೂ ಕಲಿತು ಕೋರ್ಸು ಬಿಡಬಾರದಿತ್ತೇ?

ನೋಡು, ಮತ್ತೆ ಅದೇ ಮಾತಿಗೆ ಬಂದೆ. ಕೆಮಿಸ್ಟ್ರಿ ಬಿಟ್ಟು ಬೇಕರಿ ಕೆಲಸಕ್ಕೆ ಸೇರುತ್ತೇನೆ ಎಂದು ನೀನು ಹೇಳಿ ಮುಗಿಸುವ ಮೊದಲೇ ಬಾಯಿಗೆ ಬಂದಂತೆ ಬೈದೆ. ನೀನು ಚೀಲ ತುಂಬಿಕೊಂಡು ಗೆಳತಿ ಕ್ಲಾರಿಸ್ಸಾಳ ಫ್ಲಾಟಿಗೆ ಹೋದೆ. ಗದ್ದಲ ಅಡಗಲಿ ಎಂದು ಕಾಯುವುದೇ ನನ್ನ ಕಸುಬು, ಮನೆಯಲ್ಲಿ ಮಾತ್ರ ಅದು ನನ್ನಿಂದಾಗಲಿಲ್ಲ. ಮನೆ ಬಿಕೋ ಎನ್ನುತ್ತಿದೆ, ಸೃಷ್ಟಿ.

ನಾಳೆ ಮಾರ್ಸೆಲ್‌ಗೆ ಏನು ಹೇಳಲಿ? ಮಂಗಳೂರಿನವನು, ಅರಿಶಿಣ ಮೀನಿಗೆ ಹಚ್ಚುವುದು ಗೊತ್ತು. ಎಲೆಕ್ಟ್ರೋಡಿಗೆ ಹಚ್ಚಿದ್ದನ್ನು ಕೇಳಿದರೆ ಕುರ್ಚಿಯಿಂದ ಬೀಳುತ್ತಾನೆ.

ನಿನ್ನಿಂದ ತಲೆಕೆಟ್ಟ ಅವ್ವ,
ನೇತ್ರಾ

ತಾ.ಕ.: ಅಂಚೆಚೀಟಿ ಅಂಟಿಸುವಾಗ ಹೊಳೆಯಿತು. ಖಂಡೇ ಪೂಜೆಗಿಂತ ಮೊದಲೇ ನೀನು ಮನೆ ಬಿಟ್ಟಿದ್ದೆ. ಆ ದಿನ ನಾನು ಊಟಕ್ಕೆಂದು ಸ್ಟ್ಯಾನ್ಮೋರ್‌ಗೆ, ನನ್ನ ಗೆಳತಿ ಚಂದ್ರಿಕಾಳ ಮನೆಗೆ ಹೋಗಿದ್ದೆ. ಅಂದರೆ ನೀನು ನಿನ್ನ ಕೀಲಿಯಿಂದ ಬಾಗಿಲು ತೆಗೆದು, ನನ್ನ ಸಾಮಾನಿಗೆ ಪೂಜೆ ಮಾಡಿ, ಹೇಳದೆ ಹೋಗಿದ್ದೀ. ಮುಂದಿನ ಸಲ ನಾನಿರುವಾಗ ಬಾ. ಆ ಎಲೆಕ್ಟ್ರೋಡನ್ನು ನಾನಿನ್ನೂ ಉಜ್ಜಿಲ್ಲ.