ಗೈಡ್ ಗಂಡನಿಗೆ, ಪ್ರವಾಸಕ್ಕೆ ಹೊರಡುವ ಮುನ್ನ

ರೀ,

ನೀವು ಏಳುವಷ್ಟರಲ್ಲಿ ನನ್ನ ಬಸ್ಸು ಊರು ದಾಟಿರುತ್ತದೆ. ಐದು ದಿನದ ಪ್ರವಾಸ. ಎರಡು ಕೋಟೆ, ಮೂರು ಅರಮನೆ, ಜೊತೆಗೆ ನೀವು ಜಾರಿ ಬಿದ್ದು ಸೊಂಟ ಮುರಿದುಕೊಂಡ ಆ ಗಡಿಯಾರದ ಗೋಪುರ.

ಇವತ್ತಿನ ಅಡುಗೆ ಮಾಡಿ ಮೇಜಿನ ಮೇಲೆ ಮುಚ್ಚಿಟ್ಟಿದ್ದೇನೆ. ಮಾತ್ರೆ ಮರೆಯಬೇಡಿ. ನಾಳೆಯಿಂದ ನಿಮ್ಮ ಅಕ್ಕ ಊಟ ತರುತ್ತಾರೆ. ಅವರ ಮುಂದೆ ಗೊಣಗಬೇಡಿ, ಅವರು ನನ್ನ ಹಾಗೆ ಕೇಳಿಸಿಕೊಂಡು ಸುಮ್ಮನಿರುವವರಲ್ಲ.

ಇಪ್ಪತ್ತಾರು ವರ್ಷ ಕಂಡಕಂಡವರಿಗೆಲ್ಲ ಹಳೇ ಕಟ್ಟಡ ತೋರಿಸಿದಿರಿ. ನನ್ನನ್ನು ಕರೆದುಕೊಂಡು ಹೋಗಿದ್ದು ಒಂದೇ ಸಲ. ಅರಮನೆಯ ಕಂಬ ಯಾವ ಕಲ್ಲಿನದು ಎಂದು ಕೇಳಿದ್ದಕ್ಕೆ ನಲವತ್ತು ಜನರೆದುರು, "ಇವಳಿಗೆ ರುಬ್ಬೋ ಕಲ್ಲು ಬಿಟ್ರೆ ಬೇರೆ ಕಲ್ಲೇ ಗೊತ್ತಿಲ್ಲ" ಅಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಕ್ಕು ಬಸ್ಸಿನ ಕೊನೇ ಸೀಟಿಗೆ ಹೋಗಿ ಕೂತೆ.

ಈ ಸಲದ ಗೈಡ್ ನಿಮ್ಮ ಕೈಕೆಳಗೆ ಕಲಿತ ಆ ಉದ್ದ ಜಡೆಯವಳು. ನಿಮ್ಮ ಟಿಪ್ಪಣಿ ಪುಸ್ತಕಗಳನ್ನೆಲ್ಲ ಅವಳಿಗೇ ಕೊಟ್ಟುಬಿಟ್ಟೆ. ಕಪಾಟಿನಲ್ಲಿ ಹುಡುಕಲು ಹೋಗಬೇಡಿ, ಬಗ್ಗಿದರೆ ಸೊಂಟ ಹಿಡಿದುಕೊಳ್ಳುತ್ತದೆ.

ಇನ್ನೊಂದು ವಿಷಯ. ಮೊನ್ನೆ ನೀವು ಮಲಗಿದ್ದಾಗ ಪ್ರವಾಸದ ಆಫೀಸಿನಿಂದ ಫೋನ್ ಬಂದಿತ್ತು. "ಸರ್ ಯಾವಾಗ ಬರ್ತಾರೆ? ಅವರ ಜಾಗ ಹಾಗೇ ಇಟ್ಟಿದ್ದೀವಿ" ಅಂದರು. "ಕಾಯಬೇಡಿ, ಅವರಿಗೆ ಈಗೀಗ ಇಸವಿಗಳೆಲ್ಲ ಮರೆತುಹೋಗ್ತಿವೆ" ಅಂದೆ.

ಒಂದೂ ಮರೆತಿಲ್ಲ ಎಂದು ನನಗೆ ಗೊತ್ತು. ನಿನ್ನೆ ಸಂಜೆಯೂ ಗೋಡೆಗೆ ಮುಖ ಮಾಡಿ ಒಂದೊಂದನ್ನೇ ಬಾಯಿಪಾಠ ಒಪ್ಪಿಸುತ್ತಿದ್ದಿರಿ. ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡೆ.