ಮಿರಜಿನ ಮದುವೆ ಬಸ್ಸು

ಧಾರವಾಡ
ಫೆಬ್ರುವರಿ ೩೦, ೨೧೧೮

ಪೂಜ್ಯ ಶೇವಂತವ್ವಜ್ಜಿಗೆ,

ತಾರೀಖು ತಪ್ಪಲ್ಲ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ದಿನಗಳು ರಜೆ. ಭಾಷೆ ವಿಚಿತ್ರ ಅನಿಸಿದರೆ ಮಾತ್ರ ಸಾರಿ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ನನ್ನ ಕನ್ನಡ ಅರ್ಧ ಇಂಗ್ಲಿಷು. ನಾನು ಬನಶ್ರೀ, ನಿಮ್ಮ ಮೊಮ್ಮಗಳ ಮೊಮ್ಮಗಳು, ಕಾಲೇಜಿನಲ್ಲಿ ಫಸ್ಟ್ ಇಯರ್.

ನಿಮ್ಮನ್ನು ಹಿಡಿದ ಎಚ್‌ಐವಿ ಈಗ ಇಲ್ಲ, ಅಜ್ಜಿ. ನಮಗೆ ಬೂದಿಗೆಮ್ಮು ಎಂಬುದಿದೆ, ಸುಟ್ಟ ಕಾಡುಗಳ ಗಾಳಿ ತಂದದ್ದು. ಪರೀಕ್ಷೆಯಲ್ಲಿ ಅದು ಕಂಡರೆ ನಕ್ಷೆಯಲ್ಲಿ ನಮ್ಮ ಊರಿನ ಮೇಲೆ ಒಂದು ಚುಕ್ಕಿ ಬೀಳುತ್ತದೆ, ಹೆಸರಿಲ್ಲದೆ. ಚುಕ್ಕಿ ಹೆಚ್ಚಿದ ಊರಿಗೆ ಮದ್ದುಮನೆ ಬರುತ್ತದೆ: ಔಷಧಿ, ಒಬ್ಬ ಡಾಕ್ಟರು, ಉಸಿರು ತುಂಬುವ ಮಂಚ. ಮೊನ್ನೆ ನನಗೂ ಅದೇ ಎಂದು ಗೊತ್ತಾಯಿತು. ನಾಳೆ ಚುಕ್ಕಿ ಇಡುವವರಿಗೆ ಊರಿನ ಹೆಸರು ಹೇಳಬೇಕು. ನಮ್ಮ ಹಿರೇಮಟ್ಟಿ ಎಂಥ ಊರೆಂದು ನಿಮಗೆ ಗೊತ್ತಲ್ಲ, ಹೆಸರಿಲ್ಲದ ಚುಕ್ಕಿಗೂ ಹೆಸರಿಟ್ಟುಬಿಡುತ್ತಾರೆ. ಧಾರವಾಡ ಎಂದುಬಿಡಲೇ ಎಂದು ಟೆನ್ಷನ್ನಿನಲ್ಲಿ ಕೂತಾಗ ನಿಮ್ಮ ನೆನಪಾಯಿತು.

ನಿಮ್ಮ ಮಗಳು ನನ್ನ ಅಜ್ಜಿಗೆ, ಅಜ್ಜಿ ನನಗೆ ಹೇಳಿದ್ದು ಇದು. ತಿಂಗಳಿಗೊಮ್ಮೆ ನೀವು ರೇಷ್ಮೆ ಸೀರೆಯುಟ್ಟು, ಆಯೇರಿ ಉಡುಗೊರೆಯ ಚೀಲ ಹಿಡಿದು, ಮಗಳನ್ನು ಕರೆದುಕೊಂಡು ಮದುವೆಗೆಂದು ಹೊಳೆ ದಾಟಿ ಮಿರಜಿಗೆ ಹೋಗುತ್ತಿದ್ದಿರಿ. ಅಲ್ಲಿಯ ಆಸ್ಪತ್ರೆಯಲ್ಲಿ ತಂಗಿಯ ಮನೆಯ ವಿಳಾಸ ಕೊಟ್ಟು ಎಚ್‌ಐವಿಯ ಮಾತ್ರೆ ತರುತ್ತಿದ್ದಿರಿ. ಬಸ್ಸಿನಲ್ಲಿ ಪಕ್ಕದ ಓಣಿಯ ಗೌರವ್ವ ಸಿಗುತ್ತಿದ್ದಳು, ಅವಳದೂ ರೇಷ್ಮೆ ಸೀರೆಯೇ. “ಯಾರ ಮದವಿ ಬೇ?” ಎಂದು ಅವಳು. “ನಮ್ಮ ತಂಗಿ ಮಗಳದು” ಎಂದು ನೀವು. “ಹ್ವಾದ ತಿಂಗಳನೂ ಆಕೀದ ಆಗಿತ್ತಲ್ಲ!” “ನಿಮ್ಮ ಮೈದುನಂದು ಮೂರನೇ ಸಲ ನಡದೈತಿ, ನಾ ಏನರ ಅಂದ್ನೇನು?” ದಾರಿಯುದ್ದಕ್ಕೂ ನಗು. ಮಿರಜಿನಲ್ಲಿ ಮಾತ್ರೆಯ ಸಾಲಿಗೆ ಬಂದರೆ ಮಾತ್ರ ಒಬ್ಬರನ್ನೊಬ್ಬರು ಕಾಣದವರ ಹಾಗೆ ನಿಲ್ಲುತ್ತಿದ್ದಿರಿ.

ಆ ಬಸ್ಸಿನಲ್ಲಿ ಹಾಗೆ ಮದುವೆಗೆ ಹೊರಟವರು ಇನ್ನೂ ಎಷ್ಟೋ ಜನ. ಎಲ್ಲರ ಲೆಕ್ಕವೂ ಮಿರಜಿಗೆ ಸೇರಿತು. ಹಿರೇಮಟ್ಟಿಯಲ್ಲಿ ಆ ಬೇನೆಯವರೇ ಇಲ್ಲವೆಂದು ಊರ ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಯೋಚನೆ ಕೈಬಿಟ್ಟರು. ಆ ವರ್ಷದ ಮಳೆಗಾಲ ಹೊಳೆ ಉಕ್ಕಿ ಬಂದು ಸೇತುವೆ ಮುಳುಗಿತು, ಬಸ್ಸು ನಿಂತಿತು. ಮಾತ್ರೆ ತಪ್ಪಿತು; ಹಿಂದೆಯೇ ಕ್ಷಯ ಬಂತು. ದೀಪಾವಳಿಯ ಹೊತ್ತಿಗೆ ನೀವಿರಲಿಲ್ಲ. ಆ ರೇಷ್ಮೆ ಸೀರೆಯಲ್ಲೇ ಮಣ್ಣು ಮಾಡಿದರಂತೆ. ಅದೇ ವಾರ ಗೌರವ್ವನನ್ನೂ.

ನಿಮ್ಮನ್ನು ದೂರುತ್ತಿಲ್ಲ, ಅಜ್ಜಿ. ಊರ ಬಾಯಿಗೆ ಹೆದರದವರು ಯಾರು? ಆದರೆ ಊರಲ್ಲಿ ಅವ್ವನೂ ಈಗ ಕೆಮ್ಮುತ್ತಾಳೆ. ಕೇಳಿದರೆ ಒಗ್ಗರಣೆ ಘಾಟು ಅನ್ನುತ್ತಾಳೆ. ಹೊಳೆ ಇವತ್ತಿಗೂ ಪ್ರತಿ ಮಳೆಗಾಲ ಬರುತ್ತದೆ.

ನಾಳೆ ಹಿರೇಮಟ್ಟಿ ಎಂದೇ ಹೇಳುತ್ತೇನೆ. ನಿಮ್ಮ ಕಾಲದ ಆ ಹೊಳೆ ಬರುವ ಮುಂಚೆ ಈ ಪತ್ರ ನಿಮ್ಮ ಕೈ ಸೇರಿದರೆ ಒಂದೇ ಬೇಡಿಕೆ: ಮಿರಜಿನ ಸಾಲಿನಲ್ಲಿ ಗೌರವ್ವನ ಹೆಗಲು ಮುಟ್ಟಿ. ನಾವಿಬ್ಬರೂ ಒಂದೇ ಊರಿನವರು, ಹಿರೇಮಟ್ಟಿಯವರು ಎಂದು ಅಲ್ಲಿಯ ನರ್ಸಿಗೆ ಹೇಳಿ.

ನಿಮ್ಮ
ಬನಶ್ರೀ