ಬಿಸಿನೀರ ಕೊಳಕ್ಕೆ ಕೊಬ್ಬರಿ ಎಣ್ಣೆ

ವೆಸ್ಟೆರಾಸ್, ಸ್ವೀಡನ್
17 ಮಾರ್ಚ್ 2024, ಭಾನುವಾರ ಸಂಜೆ

ಪ್ರೀತಿಯ ನಳಿನಿ,

ಹೇಳಲಿಲ್ಲ. ನೀನು ಮೊದಲು ಕೇಳುವುದೇ ಅದನ್ನು, ಅದಕ್ಕೇ ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಎರಡು ಹಗಲು, ನಾಲ್ಕು ಊಟ-ತಿಂಡಿ, ಎಂಟು ಗಂಟೆಯ ಕಾರಿನ ದಾರಿ, ಇಷ್ಟೂ ಹೊತ್ತು ಇವರ ಪಕ್ಕದಲ್ಲೇ ಇದ್ದೆ. ಆದರೂ ‘ನಾನು ಟ್ರೋಲ್‌ಹೆಟ್ಟನ್‌ಗೆ ಬರುವುದಿಲ್ಲ’ ಎಂಬ ಮೂರು ಪದ ಬಾಯಿಂದ ಹೊರಡಲಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ವಾರ್ಡನ್‌ಗೆ ಎದುರು ನಿಂತು ವಾದ ಮಾಡುತ್ತಿದ್ದ ಇಂದುಮತಿ ಎಲ್ಲಿ ಹೋದಳೋ ನನಗೂ ತಿಳಿಯದು.

ಇವರಿಗೆ ಅಲ್ಲಿನ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದು ನಿನಗೆ ಗೊತ್ತು. ಅದೇ ತಿಂಗಳು ಇಲ್ಲಿನ ಕಮ್ಯೂನ್‌ನವರು, ಅಂದರೆ ನಮ್ಮ ನಗರಸಭೆಯವರು, ಶಾಲೆಗಳಲ್ಲಿ ಕನ್ನಡ ಕಲಿಸುವ ನನ್ನ ಕೆಲಸವನ್ನು ಕಾಯಂ ಮಾಡಿದ್ದೂ ಗೊತ್ತು. ಇವರ ಪ್ರಕಾರ ಮೊದಲನೆಯದು ಕೆಲಸ, ಎರಡನೆಯದು ಹವ್ಯಾಸ. ಈ ದೇಶಕ್ಕೆ ಬಂದು ಒಂಬತ್ತು ವರ್ಷ ‘ಗಂಡನ ಜೊತೆ ಬಂದವರು’ ಎಂಬ ಕಾಲಮ್ಮಿನಲ್ಲಿ ಕೂತಿದ್ದವಳಿಗೆ ಸಿಕ್ಕ ಕೆಲಸ ಇದು. ಹನ್ನೊಂದು ಮಕ್ಕಳು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವರು ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಾರೆ. ವೇದ್ ಎಂಬ ಆರು ವರ್ಷದವನು ಮೊನ್ನೆ ಮೊದಲ ಸಲ ‘ಮಿಸ್, ನಂಗೆ ಹಸಿವು’ ಅಂದ. ನನ್ನನ್ನು ಬಿಟ್ಟರೆ ಇನ್ನೊಬ್ಬ ಕನ್ನಡ ಟೀಚರ್ ಈ ಊರಿನಲ್ಲಿಲ್ಲ. ನಾನು ಹೊರಟರೆ ತರಗತಿ ಮುಚ್ಚುತ್ತದೆ. ಟ್ರೋಲ್‌ಹೆಟ್ಟನ್‌ನ ಬಾಡಿಗೆ ಮನೆಯ ಕರಾರಿಗೆ ಇವರು ನಾಳೆ, ಸೋಮವಾರ, ಸಹಿ ಹಾಕಬೇಕು. ಅಷ್ಟರೊಳಗೆ ಹೇಳಬೇಕಿತ್ತು.

ಅದಕ್ಕೆ ತಕ್ಕಂತೆ ಮಗಳು ನಿಖಿತಾ ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು ಒಂದು ಸ್ಪಾದಲ್ಲಿ ರೂಮು ಬುಕ್ ಮಾಡಿದಳು. ‘ಅಮ್ಮ, ಜಸ್ಟ್ ರಿಲ್ಯಾಕ್ಸ್ ಮಾಡಿ, ಜಗಳ ಬೇಡ’ ಎಂದು ಎಚ್ಚರಿಕೆಯನ್ನೂ ಕೊಟ್ಟಳು. ನಿನ್ನೆ ಬೆಳಿಗ್ಗೆ ಹೊರಟೆವು. ಮೂರು ಗಂಟೆ ಓಡಿಸಿದ ಮೇಲೆ ಬರೀ ಬಯಲು. ಉತ್ತ ಕಪ್ಪು ಹೊಲ, ಉಳುಮೆಯ ಗೆರೆಗಳಲ್ಲಿ ಉಳಿದ ಹಿಮ, ಒಂದು ಚರ್ಚು, ಒಂದು ದಿನಸಿ ಅಂಗಡಿ, ಅದರಾಚೆ ಈ ಸ್ಪಾ. ಇಂಥ ಬಯಲಿನಲ್ಲಿ ಮಾತು ತಾನಾಗಿ ಬಂದೀತು ಎಂದುಕೊಂಡೆ. ಕವಿತೆ ಓದುವವರಿಗೆ ಇಂಥ ಭ್ರಮೆಗಳು ಜಾಸ್ತಿ.

ಒಳಗೆ ಹೋದರೆ ಗೋಡೆ ಗೋಡೆಗೂ ಮೌನ ಕಾಪಾಡಿ ಎಂಬ ಫಲಕ. ಬಿಳಿ ನಿಲುವಂಗಿ ತೊಟ್ಟ ಜನ ಆಸ್ಪತ್ರೆಯಿಂದ ಎದ್ದು ಬಂದವರ ಹಾಗೆ ಸದ್ದಿಲ್ಲದೆ ಓಡಾಡುತ್ತಿದ್ದರು. ನಾನು ಇವರ ಕಿವಿಯಲ್ಲಿ ಅರ್ಧ ಮಾತು ಪಿಸುಗುಟ್ಟಿದ್ದಕ್ಕೆ ಪಕ್ಕದ ಕುರ್ಚಿಯ ಅಜ್ಜಿ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡರು. ಮಾತಾಡಲು ಅನುಮತಿ ಇದ್ದದ್ದು ಹೊರಗಿನ ಬಿಸಿನೀರಿನ ಕೊಳದಲ್ಲಿ ಮಾತ್ರ. ಸರಿ, ಅಲ್ಲೇ ಹೇಳಿಬಿಡೋಣ ಎಂದು ತೀರ್ಮಾನಿಸಿದೆ.

ಈಗ ಎಣ್ಣೆಯ ವಿಷಯ. ನಿನ್ನೆ ಶನಿವಾರ. ಶನಿವಾರವೆಂದರೆ ರಾಜಶೇಖರರಿಗೆ ಎಣ್ಣೆ ಸ್ನಾನ. ಮನೆಯಿಂದಲೇ ಕೊಬ್ಬರಿ ಎಣ್ಣೆಯ ಬಾಟಲಿ ತಂದಿದ್ದರು. ರೂಮಿನಲ್ಲಿ ನೆತ್ತಿಯಿಂದ ಪಾದದವರೆಗೆ ಹಚ್ಚಿಕೊಂಡು, ‘ಬಿಸಿನೀರು ಅವರ್ದು, ಎಣ್ಣೆ ನಮ್ದು, ಇಂಥ ಅಭ್ಯಂಜನ ಇನ್ನೆಲ್ಲಿ ಸಿಗುತ್ತೆ ಹೇಳು’ ಅಂದರು. ಕೊಳಕ್ಕೆ ಇಳಿಯುವ ಮೊದಲು ಸೋಪು ಹಾಕಿ ತೊಳೆದುಕೊಳ್ಳುವುದು ಇಲ್ಲಿ ನಿಯಮ, ಹಾಗಾಗಿ ನಾನು ಸುಮ್ಮನಾದೆ. ಆದರೆ ಇಲ್ಲಿ ಗಂಡಸರೆಲ್ಲ ಒಂದೇ ಕೋಣೆಯಲ್ಲಿ ಬೆತ್ತಲೆ ನಿಂತು ತೊಳೆದುಕೊಳ್ಳಬೇಕು. ಇವರು ನಾಚಿಕೊಂಡು, ತೊಳೆದುಕೊಳ್ಳದೆ ಚಡ್ಡಿಯಲ್ಲೇ ನೇರ ಕೊಳಕ್ಕೆ ನಡೆದಿದ್ದಾರೆ.

ನನಗದು ತಿಳಿಯುವ ಹೊತ್ತಿಗೆ ಕತ್ತಿನವರೆಗೆ ನೀರಿನಲ್ಲಿದ್ದೆವು. ‘ರೀ, ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕು’ ಅಂದೆ. ‘ಹ್ಞೂಂ, ಹೇಳು’ ಅಂದರು, ಕಣ್ಣು ಮುಚ್ಚಿಕೊಂಡೇ. ಹೇಳಲು ಬಾಯಿ ತೆರೆದೆ. ಇವರ ಸುತ್ತ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಹರಡುತ್ತಿತ್ತು. ಅಂಚಿನ ತಣ್ಣನೆಯ ಕಲ್ಲಿಗೆ ತಾಗಿದಲ್ಲೆಲ್ಲ ಅದು ತುಪ್ಪದ ಹಾಗೆ ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ಕೊಳದಲ್ಲಿದ್ದ ಏಳೆಂಟು ಜನ ಒಂದು ಮಾತೂ ಆಡದೆ ಎದುರು ಮೂಲೆಗೆ ಸರಿದರು. ಈ ದೇಶದಲ್ಲಿ ಯಾರೂ ಬೈಯುವುದಿಲ್ಲ ನಳಿನಿ, ಸರಿಯುತ್ತಾರೆ. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಉದ್ದ ಕೋಲಿನ ಬಲೆ ಹಿಡಿದು ಒಬ್ಬಳು ಕೆಲಸದ ಹುಡುಗಿ ಬಂದಳು. ನೀರನ್ನು ನೋಡಿದಳು, ಇವರ ಮಿರಮಿರ ಮಿಂಚುವ ತಲೆಯನ್ನು ನೋಡಿದಳು. ಎಲ್ಲರೂ ದಯವಿಟ್ಟು ಮೇಲೆ ಬನ್ನಿ ಎಂದಳು. ಇವರು ಅವಳಿಗೆ, ‘ಆಯುರ್ವೇದಿಕ್, ವೆರಿ ಗುಡ್ ಫಾರ್ ಸ್ಕಿನ್’ ಎಂದು ವಿವರಿಸಲು ಹೊರಟರು. ಎರಡು ಡಿಗ್ರಿ ಚಳಿಯಲ್ಲಿ ಎಲ್ಲರೂ ನಡುಗುತ್ತ ಎದ್ದು ಹೋದರು. ಕೊಳವನ್ನು ಇಡೀ ದಿನಕ್ಕೆ ಮುಚ್ಚಿದರು.

ರಾತ್ರಿಯ ಊಟಕ್ಕೆ ಅದೇ ನಿಲುವಂಗಿಗಳು, ಅದೇ ಮುಖಗಳು. ನಾನು ತಲೆ ಎತ್ತಲಿಲ್ಲ. ಇವರು ಆಲೂಗಡ್ಡೆ ತಿನ್ನುತ್ತ, ಅಲ್ಲಿಂದ ಟ್ರೋಲ್‌ಹೆಟ್ಟನ್ ಬರೀ ಒಂದು ಗಂಟೆಯ ದಾರಿಯೆಂದೂ, ಬೆಳಿಗ್ಗೆ ಮನೆ ನೋಡಲು ಬರುತ್ತೇವೆಂದು ಹದಿನೈದು ದಿನದ ಹಿಂದೆಯೇ ತಿಳಿಸಿದ್ದೇನೆಂದೂ ಹೇಳಿದರು. ಹದಿನೈದು ದಿನದ ಹಿಂದೆ. ಸ್ಪಾ ಎಂದಾಗ ಇವರು ಅಷ್ಟು ಬೇಗ ಒಪ್ಪಿದ್ದು ಏಕೆಂದು ಆಗ ಅರ್ಥವಾಯಿತು.

ಇವತ್ತು ಬೆಳಿಗ್ಗೆ ಹೋದೆವು. ಒಳ್ಳೆಯ ಮನೆಯೇ. ಮೂರನೇ ಮಹಡಿ, ಅಡುಗೆಮನೆಗೆ ಎರಡು ಕಿಟಕಿ. ಕೀ ತಂದ ಹೆಂಗಸು, ನಿಮಗೆ ಹಿಡಿಸಿತೇ ಎಂದು ನನ್ನನ್ನೇ ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆ ಇವರು, ‘ಶೀ ಲವ್ಸ್ ಇಟ್’ ಅಂದರು. ಆಮೇಲೆ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟರು, ಕರ್ಟನ್‌ಗೆ ಅಳತೆ ಬೇಕಂತೆ. ನಾನು ಹಿಡಿದೆ ನಳಿನಿ. ನಾನು ವಾಸ ಮಾಡದ ಮನೆಯ ಕಿಟಕಿಗಳಿಗೆ ಟೇಪು ಹಿಡಿದು, ಅಳತೆಯನ್ನು ಬ್ಯಾಗಿನಲ್ಲಿದ್ದ ಕವನ ಸಂಕಲನದ ಹಿಂಬದಿ ಪುಟದಲ್ಲಿ ಬರೆದುಕೊಂಡೆ. ಇವರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ಹೆಚ್ಚಾಗಿದೆ ಎಂದರೆ ಇದಕ್ಕೇ.

ವಾಪಸು ನಾಲ್ಕು ಗಂಟೆಯ ದಾರಿಯಲ್ಲಿ, ನನ್ನ ಮುಖ ಯಾಕೆ ಊದಿದೆ ಎಂದು ಇವರು ಒಂದು ಸಲ ಕೇಳಿದರು. ಎಣ್ಣೆಯ ವಿಷಯ ಎಂದೆ. ‘ಅಯ್ಯೋ, ಅದನ್ನ ಬಿಡೇ, ನೀರು ಬದಲಾಯಿಸ್ಕೋತಾರೆ’ ಅಂದರು. ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡು. ನಿಜಕ್ಕೇ ಇಷ್ಟು ತ್ರಾಸ.

ಈಗ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚುತ್ತಿದ್ದಾರೆ. ಯಾರಿಗೆ ಇಷ್ಟುದ್ದ ಬರೀತಿದೀಯ ಎಂದು ಎರಡು ಸಲ ಕೇಳಿದರು. ತುಮಕೂರಿನಲ್ಲಿ ಬಿಸಿಲು ಏರಿರಬೇಕು. ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡೆಯಾ, ಬರೆ.

ನಿನ್ನ,
ಇಂದು

ಮರೆತ ಮಾತು (ಸೋಮವಾರ ಬೆಳಿಗ್ಗೆ): ರಾತ್ರಿ ಇದನ್ನು ಲಕೋಟೆಗೆ ಹಾಕಲಿಲ್ಲ. ಬೆಳಿಗ್ಗೆ ಇವರ ಕಾಫಿ ಲೋಟದ ಪಕ್ಕ ಇಟ್ಟು ಸ್ನಾನಕ್ಕೆ ಹೋದೆ. ಬಂದಾಗ ಕೊನೆಯ ಹಾಳೆ ಇವರ ಕೈಯಲ್ಲಿತ್ತು, ಕಾಫಿ ಆರಿತ್ತು. ‘ಹವ್ಯಾಸ ಅಂತ ನಾನ್ ಯಾವತ್ತಂದೆ?’ ಎಂದರು. ನಮ್ಮ ಸ್ನೇಹಿತರು ಆರ್ಯ ಅವರ ಮನೆಯಲ್ಲಿ, ದೀಪಾವಳಿ ದಿನ, ಎಲ್ಲರೆದುರು ಎಂದೆ. ಇವರು ಹಾಳೆಗಳನ್ನು ಜೋಡಿಸಿ ಲೋಟದ ಪಕ್ಕ ಇಟ್ಟರು. ನಾನು ಕೂರದೆ ನಿಂತೇ ಇದ್ದೆ. ಕೊನೆಗೆ ಇವರು ಲ್ಯಾಪ್‌ಟಾಪ್ ತೆರೆದು, ಕರಾರಿನಲ್ಲಿ ವಾಸಿಸುವವರು ಇಬ್ಬರು ಎಂದಿದ್ದಲ್ಲಿ ಒಬ್ಬರು ಎಂದು ಮಾಡಿ ಕಳಿಸಿದರು. ನನ್ನ ಕಡೆ ನೋಡಲಿಲ್ಲ. ಜಾಕೆಟ್ ಹಾಕಿಕೊಳ್ಳುತ್ತ, ‘ಕಾಗದ ಬರೆಯೋದು ಹೇಗೂ ನಿಂಗೆ ಚೆನ್ನಾಗಿ ಬರುತ್ತಲ್ಲ, ಬೇಳೆ ಸಾರು ಮಾಡೋದ್ ಹೇಗೆ ಅಂತ ಒಂದು ಬರ್ಕೊಡು’ ಎಂದು ಹೇಳಿ ಹೋದರು. ಬರೆಯಲು ಕೂತು ಅರ್ಧ ಗಂಟೆಯಾಯಿತು. ಒಬ್ಬರಿಗೆ ಬೇಳೆ ಎಷ್ಟು ಹಾಕಬೇಕು, ನಳಿನಿ?